ಹೃದ್ರೋಗಿಗೆ ಫೋನಿನಲ್ಲಿ ಶುಶ್ರೂಷೆ

(ಸಂಘದ ರಜತ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ನಿವೃತ್ತ ಶುಶ್ರೂಷಾಧಿಕಾರಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಇಪ್ಪತ್ತೈದು ವರ್ಷ ಒಂದು ಹಾಲಿನ ಸಂಘವನ್ನು ಜಗಳ, ಮನಸ್ತಾಪಗಳ ನಡುವೆಯೂ ಮುರಿಯದಂತೆ ನಡೆಸಿಕೊಂಡು ಬರುವುದು ಸಾಮಾನ್ಯ ಕೆಲಸವಲ್ಲ. ಅದಕ್ಕಾಗಿ ಮೊದಲು ನಿಮ್ಮೆಲ್ಲರನ್ನೂ ಅಭಿನಂದಿಸುತ್ತೇನೆ. ಇಂಥ ಸಂತೋಷದ ದಿನ ಕಾಯಿಲೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳಿಗೂ ಹೃದಯದ ಚಿಕಿತ್ಸೆಗೂ ಹಳೆಯ ನಂಟಿದೆ. 2003ರಲ್ಲಿ ಯಶಸ್ವಿನಿ ಯೋಜನೆ ಜಾರಿಗೆ ಬಂದಾಗ ಸಂಘದ ಸದಸ್ಯರು ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿ, ಹೃದಯದ ಆಪರೇಶನ್ ಸೇರಿದಂತೆ ದೊಡ್ಡ ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ಮಾಡಿಸಿಕೊಳ್ಳುವಂತಾಯಿತು. ನಮ್ಮ ಸಂಘಕ್ಕೆ ಆಗ ಇನ್ನೂ ಎಳೆಯ ವಯಸ್ಸು. 2018ರಲ್ಲಿ ಆ ಯೋಜನೆ ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಯಿತು; 2022ರಲ್ಲಿ ಮತ್ತೆ ನೋಂದಣಿ ಆರಂಭವಾಯಿತು. ಹೊಲ ಅಡವಿಡದೆ ಆಪರೇಶನ್ ಮಾಡಿಸಿಕೊಳ್ಳಬಹುದು ಎಂಬ ಧೈರ್ಯವನ್ನು ರೈತರಿಗೆ ಕೊಟ್ಟದ್ದು ಸಹಕಾರ ತತ್ವ.

ಆದರೆ ಆಪರೇಶನ್ ಆಗಿ ಊರಿಗೆ ಬಂದ ಮೇಲೆ? ನಾನು ಈ ದಿನ ಮಾತನಾಡಬೇಕಾಗಿರುವುದು ಆ ವಿಷಯ.

ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಒಂದು ಚೀಟಿ ಕೊಡುತ್ತಾರೆ. ಐದಾರು ಬಗೆಯ ಮಾತ್ರೆ ಬರೆದಿರುತ್ತಾರೆ. ಮೂರು ತಿಂಗಳಿಗೆ ಬನ್ನಿ ಅನ್ನುತ್ತಾರೆ. ಮೊದಲ ತಿಂಗಳು ಎಲ್ಲ ಸರಿಯಾಗಿ ನಡೆಯುತ್ತದೆ. ಎರಡನೆಯ ತಿಂಗಳು, "ಈಗ ಚೆನ್ನಾಗಿದೀನಲ್ಲ, ಮಾತ್ರೆ ಯಾಕೆ?" ಎಂಬ ಮಾತು ಬರುತ್ತದೆ. ಮೂರನೆಯ ತಿಂಗಳು ಕಟಾವು ಬರುತ್ತದೆ, ಇಲ್ಲವೆ ಮಗಳ ಮದುವೆ. ಬಸ್ಸಿಗೆ, ಊಟಕ್ಕೆ, ಜೊತೆಗೆ ಬರುವವರ ಕೂಲಿಗೆ ದುಡ್ಡು ಹೊಂದಿಸಬೇಕು. ಹಾಗೇ ದಿನ ಮುಂದಕ್ಕೆ ಹೋಗುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ, ಆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತವಾಗಬಹುದು. ಲಕ್ಷಗಟ್ಟಲೆ ಬೆಲೆಯ ಚಿಕಿತ್ಸೆ ಹತ್ತು ರೂಪಾಯಿಯ ಮಾತ್ರೆಗಾಗಿ ಹಾಳಾಗುತ್ತದೆ.

ಇನ್ನೊಂದು ಕಾಯಿಲೆ ಇದೆ. ಅದರ ಹೆಸರು ಹೃದಯ ವೈಫಲ್ಯ. ಹೆಸರು ಕೇಳಿ ಹೃದಯ ನಿಂತೇಹೋಯಿತು ಎಂದು ತಿಳಿಯಬೇಡಿ. ಪಂಪ್‌ಸೆಟ್ಟಿನ ಮೋಟಾರು ಓಡುತ್ತಿದ್ದರೂ ನೀರನ್ನು ಸಾಕಷ್ಟು ಎತ್ತುವುದಿಲ್ಲವಲ್ಲ, ಹಾಗೆ. ಹೃದಯ ರಕ್ತವನ್ನು ಪೂರ್ತಿ ತಳ್ಳಲಾರದೆ ದೇಹದಲ್ಲಿ ನೀರು ನಿಲ್ಲುತ್ತದೆ. ಕಾಲು ಊದುತ್ತದೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟುತ್ತದೆ, ರಾತ್ರಿ ಎದ್ದು ಕೂರಬೇಕಾಗುತ್ತದೆ. ಇದು ಒಂದೇ ದಿನದಲ್ಲಿ ಬರುವುದಿಲ್ಲ. ಬಹಳ ಜನರಲ್ಲಿ ಉಸಿರು ಕಟ್ಟುವುದಕ್ಕೆ ಕೆಲವು ದಿನ ಮೊದಲೇ ತೂಕ ಏರುತ್ತದೆ. ಮೂರು ದಿನದಲ್ಲಿ ಎರಡು ಕೆ.ಜಿ.ಗಿಂತ ಹೆಚ್ಚಾದರೆ ಅದು ಕೊಬ್ಬಲ್ಲ, ನೀರು. ಆ ಹೊತ್ತಿಗೆ ಹೇಳಿದರೆ ಮಾತ್ರೆಯ ಪ್ರಮಾಣ ಬದಲಿಸಿ ಸರಿಪಡಿಸಬಹುದು. ಹೇಳದಿದ್ದರೆ ಅರ್ಧ ರಾತ್ರಿಯಲ್ಲಿ ಆಂಬುಲೆನ್ಸ್.

ಹಸು ಒಂದು ಹೊತ್ತು ಅರ್ಧ ಲೀಟರ್ ಹಾಲು ಕಡಿಮೆ ಕೊಟ್ಟರೆ ನೀವು ಸುಮ್ಮನಿರುತ್ತೀರಾ? ಮೇವು ಬಿಟ್ಟಿತೇ, ಕೆಚ್ಚಲು ಬಾವೇ, ಜ್ವರವೇ ಎಂದು ಮುಟ್ಟಿ ನೋಡುತ್ತೀರಿ. ಮನೆಯ ಯಜಮಾನನ ಕಾಲು ಊದಿ ವಾರವಾದರೂ "ವಯಸ್ಸಾಯ್ತು ಬಿಡಿ" ಅನ್ನುತ್ತೇವೆ. ಮನೆಯ ಹೆಂಗಸಿಗೆ ಏದುಸಿರು ಬಂದರಂತೂ ಕೇಳುವವರೇ ಕಡಿಮೆ.

ಹಾಗಾದರೆ ದಿನಾ ವಿಚಾರಿಸುವವರು ಯಾರು? ಹೃದ್ರೋಗ ತಜ್ಞರು ಪ್ರತಿ ಹಳ್ಳಿಗೆ ಬರಲಾರರು. ಇಲ್ಲಿಯೇ ಶುಶ್ರೂಷಕಿಯರ ಕೆಲಸ ಬರುತ್ತದೆ.

ತಂತಿಯ ಮೂಲಕ ಹೃದಯದ ಸುದ್ದಿ ಕಳಿಸುವುದು ಹೊಸದೇನಲ್ಲ. ಇಸಿಜಿ ಯಂತ್ರವನ್ನು ರೂಪಿಸಿದ ಹಾಲೆಂಡಿನ ಐಂಥೋವನ್ ಎಂಬ ವಿಜ್ಞಾನಿ 1905ರಲ್ಲಿಯೇ, ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ಮಿಡಿತವನ್ನು ಟೆಲಿಫೋನ್ ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡಿದ್ದ. ನಮ್ಮಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲೇ ಇಸ್ರೋದ ಉಪಗ್ರಹ ಸಂಪರ್ಕದಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಣೆಯಾಗಿದ್ದವು. ಯಂತ್ರದ ಕೊರತೆ ಎಂದು ನಾವು ಕುಳಿತುಕೊಳ್ಳುವ ಕಾಲ ಹೋಯಿತು. ಆದರೆ ಯಂತ್ರವಿದ್ದರೆ ಸಾಕೇ? ಇದಕ್ಕೆ ಉತ್ತರ ಹೇಳುವ ಎರಡು ದೊಡ್ಡ ಪರೀಕ್ಷೆಗಳು ನಡೆದಿವೆ.

ಮೊದಲನೆಯದು ಅರ್ಜೆಂಟೀನಾ ದೇಶದ್ದು. ಅದರ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಹೃದಯ ವೈಫಲ್ಯವಿದ್ದ 1518 ಜನರನ್ನು ಎರಡು ಗುಂಪು ಮಾಡಿದರು. ಇಬ್ಬರಿಗೂ ಎಂದಿನಂತೆ ವೈದ್ಯರ ಚಿಕಿತ್ಸೆ ಇತ್ತು. ಒಂದು ಗುಂಪಿಗೆ ಮಾತ್ರ, ಈ ಕಾಯಿಲೆಯಲ್ಲಿ ತರಬೇತಿ ಪಡೆದ ನರ್ಸುಗಳು ಮೊದಮೊದಲು ಹದಿನಾಲ್ಕು ದಿನಕ್ಕೊಮ್ಮೆ, ಆಮೇಲೆ ರೋಗಿಯ ಸ್ಥಿತಿ ನೋಡಿಕೊಂಡು ಫೋನ್ ಮಾಡುತ್ತಿದ್ದರು. ಕೇಳುತ್ತಿದ್ದುದು ಸಾದಾ ಪ್ರಶ್ನೆಗಳು: ಮಾತ್ರೆ ತೆಗೆದುಕೊಂಡಿರಾ, ಉಪ್ಪು ಕಡಿಮೆ ಮಾಡಿದಿರಾ, ತೂಕ ಎಷ್ಟು, ಕಾಲು ಊದಿದೆಯೇ, ಸುಸ್ತು ಹೇಗಿದೆ, ಎಷ್ಟು ನಡೆಯುತ್ತೀರಿ. ನೀರು ಹೊರಹಾಕುವ ಮಾತ್ರೆಯನ್ನು ಹೆಚ್ಚು ಕಡಿಮೆ ಮಾಡುವ, ಬೇಕಾದರೆ "ಈಗಲೇ ಡಾಕ್ಟರ ಹತ್ತಿರ ಹೋಗಿ" ಎನ್ನುವ ಅಧಿಕಾರ ಅವರಿಗಿತ್ತು. ಫಲಿತಾಂಶವೇನು? ಫೋನ್ ಇಲ್ಲದ ಗುಂಪಿನಲ್ಲಿ ನೂರಕ್ಕೆ 22 ಮಂದಿ ಹೃದಯ ವೈಫಲ್ಯ ಉಲ್ಬಣಿಸಿ ಆಸ್ಪತ್ರೆ ಸೇರಿದರೆ, ಫೋನ್ ಬಂದ ಗುಂಪಿನಲ್ಲಿ ಸುಮಾರು 17 ಮಂದಿ. ಸಾವಿನ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೆ ಫೋನ್ ಮಾಡುವುದು ನಿಂತು ಮೂರು ವರ್ಷವಾದರೂ ಪ್ರಯೋಜನ ಉಳಿದಿತ್ತು. ಜನ ತಮ್ಮ ಕಾಯಿಲೆಯನ್ನು ತಾವೇ ನೋಡಿಕೊಳ್ಳುವುದನ್ನು ಕಲಿತಿದ್ದರು.

ಎರಡನೆಯದು ಅಮೆರಿಕದ್ದು, 2010ರಲ್ಲಿ ಪ್ರಕಟವಾದದ್ದು. ಅಲ್ಲಿ 1653 ರೋಗಿಗಳು. ಒಂದು ಗುಂಪಿನವರು ದಿನಾ ಒಂದು ನಂಬರಿಗೆ ಫೋನ್ ಮಾಡಬೇಕು. ಮುದ್ರಿಸಿಟ್ಟ ದನಿ ಪ್ರಶ್ನೆ ಕೇಳುತ್ತದೆ. ಇವರು ಬಟನ್ ಒತ್ತಿ ತೂಕ, ಲಕ್ಷಣ ತಿಳಿಸಬೇಕು. ಕೊನೆಗೆ ನೋಡಿದರೆ ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ. ನೂರಕ್ಕೆ 14 ಜನ ಒಮ್ಮೆಯೂ ಆ ಯಂತ್ರಕ್ಕೆ ಫೋನ್ ಮಾಡಿರಲಿಲ್ಲ. ಆರು ತಿಂಗಳ ಕೊನೆಯ ವಾರಕ್ಕೆ ಬರುವಷ್ಟರಲ್ಲಿ, ವಾರಕ್ಕೆ ಮೂರು ಸಲವಾದರೂ ಮಾಡುತ್ತಿದ್ದವರು ನೂರಕ್ಕೆ 55 ಮಾತ್ರ.

ಎರಡು ದೇಶ, ಎರಡು ವಿಧಾನ. ಒಂದಕ್ಕೊಂದು ತೂಗಿ ನೋಡುವಾಗ ಎಚ್ಚರ ಬೇಕು. ಆದರೂ ವಾರ್ಡಿನಲ್ಲಿ ಕೆಲಸ ಮಾಡಿದ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. "ಹೇಗಿದ್ದೀರಿ?" ಅಂದರೆ ನಮ್ಮ ಜನ "ಚೆನ್ನಾಗಿದೀನಿ ಸಿಸ್ಟರ್" ಅಂತಲೇ ಹೇಳುವುದು. ಹೇಳುವಾಗ ಮಧ್ಯೆ ಎರಡು ಸಲ ಉಸಿರು ಎಳೆದುಕೊಂಡರೆ ನರ್ಸಿನ ಕಿವಿಗೆ ಗೊತ್ತಾಗುತ್ತದೆ. ಆಗ ಅವಳು "ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ ಅಣ್ಣಾ?" ಎಂದು ಕೇಳುತ್ತಾಳೆ. ಮುದ್ರಿಸಿಟ್ಟ ದನಿ ಹಾಗೆ ತಿರುಗಿ ಕೇಳುವುದಿಲ್ಲ.

ಯಂತ್ರ ಬೇಡ ಎಂದು ಇದರ ಅರ್ಥವಲ್ಲ. 2018ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ರೋಗಿಗಳ ಮನೆಯಿಂದ ತೂಕ, ಬಿ.ಪಿ., ಇಸಿಜಿ ಎಲ್ಲವೂ ದಿನಾ ಬರ್ಲಿನ್ನಿನ ಕೇಂದ್ರಕ್ಕೆ ಹೋಗುತ್ತಿದ್ದವು. ಅಲ್ಲಿ ವೈದ್ಯರೂ ನರ್ಸುಗಳೂ ಹಗಲು ರಾತ್ರಿ ಕುಳಿತು ನೋಡಿ, ಏರುಪೇರಾದರೆ ಫೋನ್ ಮಾಡುತ್ತಿದ್ದರು. ಆ 1571 ಜನರ ಅಧ್ಯಯನದಲ್ಲಿ ಸಾವು ಕೂಡ ಕಡಿಮೆಯಾಯಿತು. ಯಂತ್ರ ತಂದ ಸುದ್ದಿಯನ್ನು ನೋಡಿ ಅದೇ ದಿನ ಕೆಲಸಕ್ಕಿಳಿಯುವ ಮನುಷ್ಯರು ಅಲ್ಲಿದ್ದರು.

ಇನ್ನು ನಮ್ಮ ಹತ್ತಿರ ಏನಿದೆ ನೋಡೋಣ. ಉಪಕೇಂದ್ರಗಳನ್ನು ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಮಾಡಿದ್ದಾರೆ. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ನಮ್ಮ ರಾಜ್ಯದಲ್ಲಿ ಅವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರು. ಬಿ.ಪಿ., ಸಕ್ಕರೆ ನೋಡುತ್ತಾರೆ. 2019ರಿಂದ ಇ-ಸಂಜೀವಿನಿ ಎಂಬ ವ್ಯವಸ್ಥೆ ಇದೆ. ಅವರು ನಿಮ್ಮನ್ನು ಕೂರಿಸಿಕೊಂಡು ವೀಡಿಯೋದಲ್ಲಿ ವೈದ್ಯರನ್ನು ಕರೆದು ಮಾತನಾಡಿಸುತ್ತಾರೆ. ಇದಕ್ಕೆ ದುಡ್ಡಿಲ್ಲ. ದಕ್ಷಿಣ ಕನ್ನಡದಲ್ಲಿ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸಾಪ್ ಗುಂಪಿನಲ್ಲಿ ತಜ್ಞರು ಅದನ್ನು ನೋಡಿ ಹೇಳುವಂತೆ ಮಾಡಿದರು. 2023ರಲ್ಲಿ ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವದಂಥ ದೊಡ್ಡ ಆಸ್ಪತ್ರೆಗೆ ಹೋಗುತ್ತದೆ. ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ.

ಆದ್ದರಿಂದ ಒಂದು ಎಚ್ಚರಿಕೆ. ಎದೆ ಹಿಂಡಿದಂತಾಗಿ, ತಣ್ಣನೆಯ ಬೆವರು ಬಂದು, ನೋವು ತೋಳಿಗೋ ದವಡೆಗೋ ಹರಿದರೆ ನರ್ಸಿನ ಫೋನಿಗಾಗಿ ಕಾಯಬೇಡಿ. ಗ್ಯಾಸ್ಟ್ರಿಕ್ಕು ಎಂದು ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು, ಬೆವರಿನಿಂದಲೂ ಹೃದಯಾಘಾತ ಆಗಬಹುದು. ಫೋನಿನ ಶುಶ್ರೂಷೆ ಇರುವುದು ದಿನನಿತ್ಯದ ನಿಗಾಕ್ಕೆ, ಅಂಥ ಹೊತ್ತಿಗಲ್ಲ.

ಇನ್ನು ನಮ್ಮ ಕಡೆಯಿಂದ ಆಗಬೇಕಾದ ಕೆಲವು ಕೆಲಸಗಳಿವೆ.

ಮೊದಲನೆಯದಾಗಿ, ಆಸ್ಪತ್ರೆಯಲ್ಲಿ ನಂಬರ್ ಬರೆಸುವಾಗ ಬೆಂಗಳೂರಿನಲ್ಲಿರುವ ಮಗನದ್ದೊಂದನ್ನೇ ಬರೆಸಬೇಡಿ. ನರ್ಸು ಫೋನ್ ಮಾಡಿದರೆ ಅವನು "ಅಪ್ಪ ಚೆನ್ನಾಗಿದಾರೆ" ಅನ್ನುತ್ತಾನೆ. ಅಪ್ಪನ ಕಾಲು ಊದಿದ್ದು ಅವನಿಗೇನು ಗೊತ್ತು? ರೋಗಿಯ ಹತ್ತಿರ ಇರುವವರ ನಂಬರ್ ಕೊಡಿ, ಫೋನನ್ನು ರೋಗಿಯ ಕೈಗೇ ಕೊಡಿ.

ಎರಡನೆಯದಾಗಿ, ನಿಜ ಹೇಳಿ. ಮಾತ್ರೆ ಬಿಟ್ಟಿದ್ದರೆ ಬಿಟ್ಟೆ ಅನ್ನಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ತಿಂದಿದ್ದರೆ ತಿಂದೆ ಅನ್ನಿ. ದುಡ್ಡಿಲ್ಲದೆ ಮಾತ್ರೆ ನಿಂತಿದ್ದರೆ ಅದನ್ನೂ ಹೇಳಿ. ಜನೌಷಧಿ ಅಂಗಡಿಯ ದಾರಿ ತೋರಿಸುತ್ತಾರೆ. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಮಾತ್ರೆಗಳು ದೇಹದಲ್ಲಿ ನೀರು ನಿಲ್ಲಿಸಿ ದುರ್ಬಲ ಹೃದಯಕ್ಕೆ ಭಾರ ಹಾಕುತ್ತವೆ. ಕೇಳದೆ ನುಂಗಬೇಡಿ.

ಮೂರನೆಯದು ಸಂಘಕ್ಕೆ ನನ್ನ ಬಿನ್ನಹ. ದಿನಕ್ಕೆ ಎರಡು ಹೊತ್ತು ಊರಿನ ಮನೆಮನೆಯವರು ಬಂದು ಹೋಗುವ ಜಾಗ ಈ ಸಂಘದ ಕಟ್ಟಡ. ಇಲ್ಲೊಂದು ಮನುಷ್ಯರ ತೂಕದ ಯಂತ್ರ, ಒಂದು ಬಿ.ಪಿ. ಯಂತ್ರ ಇಡಿ. ಕಾಯಿಲೆ ಇರುವವರು ಬೆಳಿಗ್ಗೆ, ತಿಂಡಿಗೆ ಮೊದಲು, ತೂಕ ನೋಡಿ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಲಿ. ಹಾಲಿನ ಪಾಸ್‌ಬುಕ್ಕಿನಲ್ಲಿ ಫ್ಯಾಟ್ ಬರೆದುಕೊಳ್ಳುವ ನಮಗೆ ಅದೇನು ಕಷ್ಟವಲ್ಲ. ನರ್ಸು ಫೋನ್ ಮಾಡಿದಾಗ ಆ ಪುಸ್ತಕ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಆದರೆ ಯಾರ ಕಾಯಿಲೆಯನ್ನೂ ಸರತಿ ಸಾಲಿನಲ್ಲಿ ನಿಂತು ಚರ್ಚೆ ಮಾಡಬಾರದು. ಪುಸ್ತಕ ಅವರವರ ಬಳಿಯೇ ಇರಲಿ.

ನಮ್ಮ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ಈ ಸಭೆಗೆ ಬಂದಿದ್ದಾರೆ. ಊಟಕ್ಕೆ ಮೊದಲು, ಹೃದಯದ ಆಪರೇಶನ್ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಮಾತ್ರೆ ನಿಲ್ಲಿಸಿರುವವರು ಅವರ ಹತ್ತಿರ ಹೋಗಿ ಹೆಸರು, ನಂಬರ್ ಬರೆಸಬೇಕೆಂದು ಕೇಳಿಕೊಳ್ಳುತ್ತೇನೆ. ತೂಕದ ಯಂತ್ರದ ವಿಷಯವನ್ನು ಆಡಳಿತ ಮಂಡಳಿಯವರು ಮುಂದಿನ ಸಭೆಯಲ್ಲಿಯೇ ತೆಗೆದುಕೊಳ್ಳಬೇಕು.