ಜನನಸೂತಕ ಬಿಡೋಣ, ಕೂಸನ್ನು ಎದೆಗಪ್ಪೋಣ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ನಾನು ಕಾಲುವೆ ಕಟ್ಟಿಸಿದ ಇಂಜಿನಿಯರ್, ವೈದ್ಯನಲ್ಲ. ದಿನ ತುಂಬದೆ ಹುಟ್ಟುವ ಕೂಸುಗಳ ಬಗ್ಗೆ ಇವನೇನು ಹೇಳುತ್ತಾನೆ ಎಂದು ನಿಮಗೆ ಅನಿಸಬಹುದು. ಅದಕ್ಕೆ ನನ್ನ ಮನೆಯಲ್ಲಿ ಆದದ್ದನ್ನೇ ಮೊದಲು ಹೇಳುತ್ತೇನೆ.

ನಾನು ನೌಕರಿಗೆ ಸೇರಿದ ಹೊಸತು. ನಮ್ಮ ಚೊಚ್ಚಲ ಹೆಣ್ಣುಕೂಸು ಎಂಟನೇ ತಿಂಗಳಲ್ಲೇ ಮನೆಯಲ್ಲಿ ಹುಟ್ಟಿತು. "ಎಂಟರ ಕೂಸು ಉಳಿಯೋದಿಲ್ಲ" ಎಂದರು ಹಿರಿಯರು. ಸೂತಕವೆಂದು ಬಾಣಂತಿಯನ್ನು ಹಿಂದಿನ ಕೋಣೆಗೆ ಹಾಕಿದರು. ಕೂಸನ್ನು ಮೊರದಲ್ಲಿ ಬಟ್ಟೆ ಹಾಸಿ ಬೇರೆಯೇ ಮಲಗಿಸಿದರು. ಕೊರಳಲ್ಲಿ ಲಿಂಗ ಧರಿಸಿದ ನಾನು ಹೊಸ್ತಿಲಾಚೆಯೇ ನಿಂತೆ. ನಾಲ್ಕನೇ ದಿನ ಕೂಸು ತಣ್ಣಗಾಗಿತ್ತು. ವಿಧಿ ಎಂದುಕೊಂಡೆವು.

ಎಲ್ಲವೂ ವಿಧಿಯಲ್ಲ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಬಟ್ಟಲಿನ ಗಂಜಿ ಹಂಡೆಯ ಗಂಜಿಗಿಂತ ಬೇಗ ಆರುತ್ತದೆ. ಸಣ್ಣ ಕೂಸಿನ ಮೈಯೂ ಹಾಗೆಯೇ. ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಒಳಗೆ ಕೊಬ್ಬು ಕಡಿಮೆ. ಈ ಲೆಕ್ಕ ನಾನು ಕಾಲೇಜಿನಲ್ಲಿ ಓದಿದ್ದೆ, ಮನೆಯಲ್ಲಿ ಬಳಸಲಿಲ್ಲ.

37 ವಾರ ತುಂಬುವ ಮೊದಲು ಹುಟ್ಟಿದರೆ ಅದು ಅವಧಿಪೂರ್ವ ಜನನ. 2020ರಲ್ಲಿ ಜಗತ್ತಿನಲ್ಲಿ ಇಂಥ ಸುಮಾರು 1 ಕೋಟಿ 34 ಲಕ್ಷ ಕೂಸುಗಳು ಹುಟ್ಟಿದವು. ಅವುಗಳಲ್ಲಿ ಸುಮಾರು 30 ಲಕ್ಷ ನಮ್ಮ ದೇಶದಲ್ಲೇ. ಐದು ವರ್ಷದೊಳಗಿನ ಮಕ್ಕಳ ಸಾವಿಗೆ ಇದೇ ಮೊದಲ ಕಾರಣ. 28 ವಾರಕ್ಕೂ ಮೊದಲೇ ಹುಟ್ಟಿದ ಹತ್ತು ಕೂಸುಗಳಲ್ಲಿ ಬಡ ದೇಶಗಳಲ್ಲಿ ಒಂಬತ್ತು ಸಾಯುತ್ತವೆ, ಶ್ರೀಮಂತ ದೇಶಗಳಲ್ಲಿ ಒಂಬತ್ತು ಬದುಕುತ್ತವೆ. ಕೂಸು ಒಂದೇ, ಹುಟ್ಟಿದ ಜಾಗ ಬೇರೆ.

1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರುಗಳು ಸಾಲದಾದವು. ಡಾ. ಎಡ್ಗರ್ ರೇ ಕೂಸುಗಳನ್ನು ತಾಯಂದಿರ ಬರಿ ಎದೆಗೇ ಒರಗಿಸಿ ಕಟ್ಟಿಸಿದರು. ಇದೇ ಕಾಂಗರೂ ಆರೈಕೆ. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. 1ರಿಂದ 1.8 ಕಿಲೋ ತೂಕದ ಕೂಸುಗಳಿಗೆ ಹುಟ್ಟಿದೊಡನೆ ಈ ಆರೈಕೆ ಕೊಟ್ಟಾಗ, ಮೊದಲ 28 ದಿನಗಳ ಸಾವು ನೂರಕ್ಕೆ ಸುಮಾರು 16ರಿಂದ 12ಕ್ಕೆ ಇಳಿಯಿತು. ದಿನಕ್ಕೆ ಕನಿಷ್ಠ 8 ಗಂಟೆ ಹೀಗೆ ಅಪ್ಪಿಕೊಂಡಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಮನೆಮನೆಗೆ ಮುಟ್ಟಿಸುವ ಪ್ರಯತ್ನ ನಡೆದಿದೆ.

ಆದರೆ ಎಂಟು ಗಂಟೆ ಅಪ್ಪಿಕೊಳ್ಳುವವರು ಯಾರು? ಬಾಣಂತಿ ಸ್ನಾನಕ್ಕೆ, ಊಟಕ್ಕೆ ಏಳಬೇಕು, ನಿದ್ದೆ ಮಾಡಬೇಕು. ಆಗ ತಂದೆ, ಅಜ್ಜಿ, ಅತ್ತಿಗೆ ಯಾರಾದರೂ ಎದೆ ಕೊಡಬೇಕು. ಇಲ್ಲಿಯೇ ಸೂತಕ ಅಡ್ಡ ಬರುತ್ತದೆ.

ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ಜನನಸೂತಕ ಅವುಗಳಲ್ಲಿ ಒಂದು. ಎಂಟನೇ ತಿಂಗಳಲ್ಲಿ ಗರ್ಭಿಣಿಗೆ ಲಿಂಗಸಂಸ್ಕಾರ ಮಾಡಿ, ಗರ್ಭದ ಕೂಸನ್ನೂ ಲಿಂಗವಂತ ಎನ್ನುವವರು ನಾವು. ಅದೇ ಕೂಸು ಅದೇ ತಿಂಗಳಲ್ಲಿ ಹೊರಬಂದರೆ ಮೈಲಿಗೆ ಹೇಗಾದೀತು? ಇಲ್ಲಿ ಕೈ ಎತ್ತಿ ಸೂತಕವಿಲ್ಲ ಎನ್ನುತ್ತೇವೆ, ಮನೆಗೆ ಹೋಗಿ ಹನ್ನೊಂದು ದಿನ ಎಣಿಸುತ್ತೇವೆ.

ಸೂತಕ ಬೇಡವೆಂದರೆ ಶುಚಿ ಬೇಡವೆಂದಲ್ಲ. ಸಾಬೂನಿನಿಂದ ಕೈ ತೊಳೆಯಿರಿ. ಕೆಮ್ಮು, ನೆಗಡಿ ಇದ್ದವರು ದೂರವಿರಿ. ನೋಡಲು ಬರುವವರ ಜಾತ್ರೆ ಬೇಡ. ಕಾಂಗರೂ ಆರೈಕೆ ಆಸ್ಪತ್ರೆಗೆ ಬದಲಿಯೂ ಅಲ್ಲ. ದಿನಕ್ಕೆ ಮೊದಲೇ ನೋವು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಹೆರಿಗೆಗೆ ಮುನ್ನ ತಾಯಿಗೆ ಕೊಡುವ ಅಗ್ಗದ ಚುಚ್ಚುಮದ್ದೊಂದು ಕೂಸಿನ ಶ್ವಾಸಕೋಶವನ್ನು ಉಸಿರಾಟಕ್ಕೆ ಅಣಿಗೊಳಿಸುತ್ತದೆ.

ಪೂಜ್ಯರಲ್ಲಿ ಒಂದು ಭಿನ್ನಹ. ಗರ್ಭಿಣಿಗೆ ಲಿಂಗಸಂಸ್ಕಾರ ಮಾಡುವಾಗ ಮನೆಯವರನ್ನು ಮೂರು ಮಾತು ಕೇಳಬೇಕು. ರಕ್ತ ಮತ್ತು ಬಿ.ಪಿ. ಪರೀಕ್ಷೆ ಆಗಿದೆಯೇ? ಕಬ್ಬಿಣಾಂಶದ ಮಾತ್ರೆ ನುಂಗುತ್ತಿದ್ದಾಳೆಯೇ? ಕೂಸು ಬೇಗ ಬಂದರೆ ಎದೆಗಪ್ಪಿಕೊಳ್ಳುವವರು ಯಾರು ಯಾರು?

ಹೋದ ವರ್ಷ ನನ್ನ ಮೊಮ್ಮಗ ಐದು ವಾರ ಮೊದಲೇ ಹುಟ್ಟಿದ. ಆಸ್ಪತ್ರೆಯ ನರ್ಸ್ ತಾಯಿ ಹೇಳಿಕೊಟ್ಟಂತೆ ಅಂಗಿ ಬಿಚ್ಚಿ ನಾನೂ ದಿನವೂ ಎರಡು ಗಂಟೆ ಅವನನ್ನು ಎದೆಯ ಮೇಲೆ ಮಲಗಿಸಿಕೊಂಡೆ. ಲಿಂಗವಿರುವ ಎದೆಯಲ್ಲಿ ಅವನಿಗೂ ಜಾಗವಿತ್ತು. ಆ ಜಾಗ ಅಂದೂ ಇತ್ತು.