ಒಂದೇ ಮನೆ, ಮೂರು ದಾರಿ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಇತಿಹಾಸದ ಮೇಷ್ಟ್ರ ಕೈಗೆ ಮೈಕು ಕೊಟ್ಟರೆ ಪಾಠ ತಪ್ಪಿದ್ದಲ್ಲ ಎಂದು ನಿಮಗೆ ಗೊತ್ತೇ ಇದೆ. ಇಂದು ಐರ್ಲೆಂಡಿನ ಒಂದು ಜಮೀನ್ದಾರಿ ಮನೆಯ ಕಥೆ ಹೇಳುತ್ತೇನೆ.

ಐರ್ಲೆಂಡಿನ ಪಶ್ಚಿಮದಲ್ಲಿ ಸ್ಲೈಗೊ ಎಂಬ ಪ್ರಾಂತ. ಅಲ್ಲಿ ಲಿಸಡೆಲ್ ಎಂಬ ದೊಡ್ಡ ಬಂಗಲೆ, ಗೋರ್-ಬೂತ್ ಮನೆತನದವರದು. 1870ರ ದಶಕದಲ್ಲಿ ಅವರಿಗೆ 30,000 ಎಕರೆಗೂ ಹೆಚ್ಚು ಭೂಮಿ ಇತ್ತು. ಯಜಮಾನ ಸರ್ ರಾಬರ್ಟ್ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯರು. ಒಡೆಯರು ಪ್ರಾಟೆಸ್ಟೆಂಟರು, ಗೇಣಿದಾರರು ಬಹುಪಾಲು ಕ್ಯಾಥೊಲಿಕರು. ಗೇಣಿ ಎಂದರೇನೆಂದು ಇಲ್ಲಿ ಕುಳಿತ ಹಿರಿಯರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

1879-80ರಲ್ಲಿ ಬೆಳೆ ಕೈಕೊಟ್ಟು ಹಸಿವು ಬಂತು. ರಾಬರ್ಟರ ಮಗ ಸರ್ ಹೆನ್ರಿ ಗೇಣಿದಾರರಿಗೆ ಆಹಾರ ಹಂಚಿಸಿದರು. ಅವರ ಐವರು ಮಕ್ಕಳಲ್ಲಿ ಹಿರಿಯರು ಕಾನ್‌ಸ್ಟನ್ಸ್, ಜಾಸ್ಲಿನ್, ಈವಾ. ಆಗಿನ್ನೂ ಹತ್ತು ಹನ್ನೆರಡರ ಆಸುಪಾಸಿನವರು. ನಮ್ಮ ಅನ್ನ ಯಾರ ಬೆವರಿನದು ಎಂಬ ಪ್ರಶ್ನೆಗೆ ಮುಂದೆ ಈ ಮೂವರೂ ಮೂರು ಬಗೆಯಲ್ಲಿ ಉತ್ತರ ಕೊಟ್ಟರೆಂದು ನನಗನ್ನಿಸುತ್ತದೆ.

ಜಾಸ್ಲಿನ್ 1900ರಲ್ಲಿ ಮನೆಯ ಯಜಮಾನರಾದರು. 1903ರಲ್ಲಿ ಹೊಸ ಭೂ ಕಾಯ್ದೆ ಬಂತು. ಸರ್ಕಾರ ಒಡೆಯನಿಗೆ ಹಣ ಕೊಡುವುದು, ರೈತ ಅದನ್ನು ವರ್ಷವರ್ಷ ಕಂತಿನಲ್ಲಿ ತೀರಿಸುವುದು. ಅದರಡಿ ಅವರು ಜಮೀನಿನ ಬಹುಭಾಗವನ್ನು ಗೇಣಿದಾರರಿಗೇ ಮಾರಿದರು. ಹಾಲಿನ ಸಹಕಾರ ಸಂಘಗಳಿಗೆ ಬೆಂಬಲವಾಗಿ ನಿಂತರು.

ಈವಾ ಕವಯಿತ್ರಿ. ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋಗಿ, ದುಡಿಯುವ ಹೆಣ್ಣುಮಕ್ಕಳ ಸಂಘ ಕಟ್ಟಲು, ಅವರಿಗೆ ಮತದಾನದ ಹಕ್ಕು ಕೊಡಿಸಲು ಹೆಣಗಿದರು. ಹಿಂಸೆ ಯಾವ ಕಡೆಯದಾದರೂ ಒಪ್ಪದವರು.

ಕಾನ್‌ಸ್ಟನ್ಸ್ ಚಿತ್ರಕಲೆ ಕಲಿತು, ಪೋಲಿಷ್ ಕಲಾವಿದ ಮಾರ್ಕಿಯೆವಿಚ್ ಅವರನ್ನು ಮದುವೆಯಾದವರು. 1913ರಲ್ಲಿ ಡಬ್ಲಿನ್ನಿನ ಮಾಲೀಕರು ಕಾರ್ಮಿಕರನ್ನು ಕೆಲಸದಿಂದ ಹೊರಹಾಕಿದಾಗ ಅವರ ಮನೆಮಂದಿಗೆ ಗಂಜಿಕೇಂದ್ರ ನಡೆಸಿದರು. 1916ರ ಈಸ್ಟರ್ ದಂಗೆಯಲ್ಲಿ ಬಂದೂಕು ಹಿಡಿದರು. ಮರಣದಂಡನೆಯಾಯಿತು, ಹೆಂಗಸೆಂಬ ಕಾರಣಕ್ಕೆ ಅದು ಜೀವಾವಧಿಗೆ ಇಳಿಯಿತು. 1917ರಲ್ಲಿ ಬಿಡುಗಡೆಯಾದ ಮೇಲೆ ಕ್ಯಾಥೊಲಿಕ್ ಮತ ಸೇರಿದರು. ಒಡೆಯರ ಮನೆಮಗಳು ಗೇಣಿದಾರರ ಧರ್ಮಕ್ಕೆ ಹೋದಳು ಎಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. 1918ರ ಡಿಸೆಂಬರಿನಲ್ಲಿ ಜೈಲಿನಲ್ಲಿದ್ದುಕೊಂಡೇ ಬ್ರಿಟಿಷ್ ಪಾರ್ಲಿಮೆಂಟಿಗೆ ಆಯ್ಕೆಯಾದ ಮೊದಲ ಮಹಿಳೆಯಾದರು. ಆದರೆ ಅಲ್ಲಿ ಹೋಗಿ ಕೂರಲಿಲ್ಲ. 1919ರಲ್ಲಿ ಐರಿಷರ ಸ್ವಂತ ಸರ್ಕಾರದಲ್ಲಿ ಕಾರ್ಮಿಕ ಮಂತ್ರಿಯಾದರು.

ಬಂದೂಕನ್ನು ಒಪ್ಪದ ತಂಗಿ ಬಂದೂಕು ಹಿಡಿದ ಅಕ್ಕನನ್ನು ಬಿಟ್ಟಳೇ? ಇಲ್ಲ. ಜೈಲಿಗೆ ಬಂದು ನೋಡಿದರು, ಕಾಗದ ಬರೆದರು. ದಿನಕ್ಕೊಮ್ಮೆ ಗೊತ್ತು ಮಾಡಿಕೊಂಡ ಹೊತ್ತಿಗೆ, ಇದ್ದಲ್ಲೇ ಇದ್ದು ಒಬ್ಬರನ್ನೊಬ್ಬರು ನೆನೆಯುವುದೆಂದು ಅಕ್ಕತಂಗಿಯರು ಮಾತಾಡಿಕೊಂಡಿದ್ದರು.

ಇದಕ್ಕೆ ತೆತ್ತ ಬೆಲೆಯನ್ನು ನಾನು ಮುಚ್ಚಿಡಬಾರದು. ಕಾನ್‌ಸ್ಟನ್ಸರ ಒಬ್ಬಳೇ ಮಗಳು ಮೇವ್ ಬಹುಮಟ್ಟಿಗೆ ಲಿಸಡೆಲ್‌ನಲ್ಲಿ ಅಜ್ಜಿಯ ಕೈಯಲ್ಲೇ ಬೆಳೆದಳು. ದೇಶಕ್ಕೆ ಸಿಕ್ಕ ತಾಯಿ ಮಗುವಿಗೆ ಸಿಗಲಿಲ್ಲ. 1922ರಲ್ಲಿ ಬ್ರಿಟನ್ನಿನೊಡನೆ ಆದ ಒಪ್ಪಂದದ ಮೇಲೆ, ಜೊತೆಗೆ ಹೋರಾಡಿದವರೇ ಎರಡಾಗಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದರು. ಕಾನ್‌ಸ್ಟನ್ಸ್ ಒಪ್ಪಂದದ ವಿರೋಧಿಗಳ ಕಡೆ ನಿಂತರು.

ಈವಾ 1926ರಲ್ಲಿ ತೀರಿಕೊಂಡರು. ಮರುವರ್ಷ ಜುಲೈ 15ರಂದು ಕಾನ್‌ಸ್ಟನ್ಸ್ ಡಬ್ಲಿನ್ನಿನ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ, ಬಡವರ ನಡುವೆ ಕಣ್ಣುಮುಚ್ಚಿದರು. ಅಂತಿಮಯಾತ್ರೆಗೆ ನಗರದ ಬಡಜನ ಬೀದಿ ತುಂಬಿ ಬಂದರು.

ಬಂಧುಗಳೆ, ಒಂದು ಪಂಚಾಯ್ತಿ ಚುನಾವಣೆಗೆ, ಒಂದು ಗುಂಟೆ ಬದುವಿಗೆ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ನಮ್ಮಲ್ಲೂ ಇವೆ. ಆ ಮನೆಗಳ ಮಕ್ಕಳು ಇದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತದ್ದನ್ನು ನಾನು ನೋಡಿದ್ದೇನೆ. ವಿಚಾರ ಬೇರೆಯಾಗಲಿ, ಪಕ್ಷ ಬೇರೆಯಾಗಲಿ, ದೇವರೂ ಬೇರೆಯಾಗಲಿ. ಹೋಗಿ ಬಂದು ಮಾಡುವುದು ಮಾತ್ರ ನಿಲ್ಲದಿರಲಿ.