ಕಂಪ್ಯೂಟರ್ ಕಲಿಯ ಹೊರಟ ಮಕ್ಕಳಿಗೆ ಏನು ಬೇಕು, ಎಷ್ಟು ಬೇಕು

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣದ ಪಠ್ಯ)

 

ಕೆಲವು ವರ್ಷಗಳ ಹಿಂದೆ ನಮ್ಮ ಬಳಿಗೆ ಬರುತ್ತಿದ್ದ ಅರ್ಜಿಗಳಲ್ಲಿ ಕಾಲೇಜು ಶುಲ್ಕ, ಪುಸ್ತಕ, ಹಾಸ್ಟೆಲ್, ಬಸ್ ಪಾಸ್ ಇವಿಷ್ಟೇ ಇರುತ್ತಿದ್ದವು. ಈಗ ಪ್ರತಿ ಸಂದರ್ಶನದಲ್ಲೂ ಪೋಷಕರು ಕೊನೆಗೆ ಒಂದು ಪ್ರಶ್ನೆ ಕೇಳುತ್ತಾರೆ: "ಮಗನಿಗೆ ಕಂಪ್ಯೂಟರ್ ಅಂದ್ರೆ ಹುಚ್ಚು. ಯಾವ ಲ್ಯಾಪ್‌ಟಾಪ್ ಕೊಡಿಸಬೇಕು?" ಮಗಳ ವಿಷಯದಲ್ಲಿ ಈ ಪ್ರಶ್ನೆ ಕಡಿಮೆ ಕೇಳಿಬರುತ್ತದೆ. ಆ ಮಾತನ್ನು ಮುಂದೆ ಹೇಳುತ್ತೇವೆ. ಇಂದು ಈ ಒಂದು ಪ್ರಶ್ನೆಗೆ ವಿವರವಾಗಿ ಉತ್ತರ ಕೊಡಬೇಕೆಂದು ನಿರ್ಧರಿಸಿದ್ದೇವೆ. ಏಕೆಂದರೆ ಇದರಲ್ಲಿ ತಪ್ಪಿದರೆ ನಷ್ಟವಾಗುವುದು ಮನೆಯ ಒಂದು ವರ್ಷದ ಉಳಿತಾಯ.

ನಮಗೆ ಗೊತ್ತಿರುವ ಒಂದು ಮನೆಯಲ್ಲಿ ತಾಯಿ ತಮ್ಮ ಸರವನ್ನು ಅಡವಿಟ್ಟು ಮಗನಿಗೆ ಎಂಬತ್ತು ಸಾವಿರದ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಿದರು. ಹುಡುಗ ಸೇರಿದ್ದು ಬಿ.ಸಿ.ಎ.ಗೆ. ಮೊದಲ ವರ್ಷ ಅವನು ಬರೆಯಬೇಕಾಗಿದ್ದ ಪ್ರೋಗ್ರಾಮುಗಳು ಇಪ್ಪತ್ತು ಸಾವಿರದ ಹಳೆಯ ಯಂತ್ರದಲ್ಲೂ ಸರಾಗವಾಗಿ ಓಡುವಂಥವು. ಮೂರನೆಯ ಸೆಮಿಸ್ಟರಿನ ಶುಲ್ಕ ಕಟ್ಟುವ ಹೊತ್ತಿಗೆ ಸರ ಬಿಡಿಸಲು ದುಡ್ಡಿಲ್ಲ, ಶುಲ್ಕಕ್ಕೂ ದುಡ್ಡಿಲ್ಲ. ಹುಡುಗ ಒಳ್ಳೆಯವನೇ, ತಾಯಿಯ ಆಸೆಯೂ ಒಳ್ಳೆಯದೇ. ಅವರಿಗೆ ಸರಿಯಾದ ಲೆಕ್ಕ ಹೇಳುವವರು ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಮೊದಲು ಹೈಸ್ಕೂಲು ಮತ್ತು ಪಿ.ಯು.ಸಿ. ಮಕ್ಕಳ ಮಾತು. ಈ ಹಂತದಲ್ಲಿ ಲ್ಯಾಪ್‌ಟಾಪ್ ಇಲ್ಲದೆಯೂ ಆರಂಭಿಸಬಹುದು. ಮನೆಯಲ್ಲಿರುವ ಆಂಡ್ರಾಯ್ಡ್ ಫೋನಿಗೆ ಒಂದು ಓಟಿಜಿ ಕೇಬಲ್ ಮತ್ತು ಸಾಧಾರಣ ಯುಎಸ್‌ಬಿ ಕೀಬೋರ್ಡ್ ಜೋಡಿಸಿದರೆ ಟೈಪಿಂಗ್ ಕಲಿಯಬಹುದು. ಎರಡೂ ಸೇರಿ ಐನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತವೆ. ಗೂಗಲ್ ಕೊಲ್ಯಾಬ್ ಎಂಬ ಉಚಿತ ಸೇವೆಯಲ್ಲಿ ಫೋನಿನ ಬ್ರೌಸರಿನಿಂದಲೇ ಪೈಥಾನ್ ಪ್ರೋಗ್ರಾಂ ಬರೆದು ಓಡಿಸಬಹುದು. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹಲವೆಡೆ ಅಲ್ಲಿ ಕಂಪ್ಯೂಟರ್ ಇದೆ. ಶಾಲೆಯ ಲ್ಯಾಬ್ ಇದ್ದರೆ ಅದನ್ನೂ ಕೇಳಿ ಬಳಸಿ. ಮಗು ಮೂರು ತಿಂಗಳು ಹೀಗೆ ಬಿಡದೆ ಅಭ್ಯಾಸ ಮಾಡಿತೆಂದರೆ ಅದಕ್ಕೆ ಆಸಕ್ತಿ ನಿಜವಾಗಿಯೂ ಇದೆ ಎಂದು ತಿಳಿಯಿರಿ. ಆಗ ಯಂತ್ರದ ಯೋಚನೆ ಮಾಡಿ.

ಡಿಪ್ಲೊಮಾ, ಬಿ.ಸಿ.ಎ., ಬಿ.ಇ. ಸೇರಿದ ಮಕ್ಕಳಿಗೆ ಸ್ವಂತ ಲ್ಯಾಪ್‌ಟಾಪ್ ಬೇಕೇ ಬೇಕು. ಆದರೆ ಹೊಸದೇ ಆಗಬೇಕೆಂದಿಲ್ಲ. ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಯಂತ್ರಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಜಿಲ್ಲಾ ಕೇಂದ್ರಗಳ ಅಂಗಡಿಗಳಲ್ಲೂ ಸಿಗುತ್ತವೆ. ಅವುಗಳ ಕೀಬೋರ್ಡ್, ಹಿಂಜು, ಹೊರಕವಚ ಗಟ್ಟಿಯಾಗಿರುತ್ತವೆ, ಬಿಡಿಭಾಗಗಳೂ ಸುಲಭವಾಗಿ ದೊರೆಯುತ್ತವೆ. ಕೊಳ್ಳುವಾಗ ನೋಡಬೇಕಾದ್ದು ಇಷ್ಟು.

ಒಂದು, ರ‍್ಯಾಮ್ 8 ಜಿಬಿ ಇರಲಿ. 4 ಜಿಬಿ ಇದ್ದರೆ ಮುಂದೆ ಹೆಚ್ಚಿಸಲು ಜಾಗವಿದೆಯೇ ಎಂದು ಕೇಳಿ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಬದಲಿಸಲು ಬರುವುದಿಲ್ಲ. ಎರಡು, ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇರಲಿ, 256 ಜಿಬಿ ಸಾಕು. ಹಳೆಯ ಯಂತ್ರ ನಿಧಾನ ಎಂದು ಜನ ಬೇಸರಪಡುವುದಕ್ಕೆ ಹೆಚ್ಚಾಗಿ ಕಾರಣ ತಿರುಗುವ ಹಾರ್ಡ್ ಡಿಸ್ಕ್. ಅದೊಂದನ್ನು ಬದಲಿಸಿದರೆ ಅದೇ ಯಂತ್ರ ಬೇರೆಯೇ ಆಗುತ್ತದೆ. ಮೂರು, ಪ್ರೊಸೆಸರ್ ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಿರಲಿ. ಐ5 ಎಂಬುದರ ಮುಂದಿನ ಸಂಖ್ಯೆ 8250 ಎಂದಿದ್ದರೆ ಅದು 8ನೇ ತಲೆಮಾರು, 1135 ಎಂದಿದ್ದರೆ 11ನೆಯದು. "ಐ7 ಇದೆ" ಎಂಬ ಮಾತಿಗೆ ಮರುಳಾಗಬೇಡಿ. ಹತ್ತು ವರ್ಷ ಹಳೆಯ ಐ7ಗಿಂತ ಈಚಿನ ಐ3 ಎಷ್ಟೋ ವಾಸಿ.

ಈ ತಲೆಮಾರಿನ ಲೆಕ್ಕಕ್ಕೆ ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಳೆಯ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಆದ್ದರಿಂದ ಮಾರುಕಟ್ಟೆಯಲ್ಲಿ ಹಳೆಯ ಯಂತ್ರಗಳು ಅಗ್ಗಕ್ಕೆ ಬರುತ್ತಿವೆ. ಅಂಥದ್ದೇ ನಿಮ್ಮ ಕೈಗೆ ಬಂದಿದ್ದರೆ ಎಸೆಯಬೇಡಿ. ಉಬುಂಟು, ಲಿನಕ್ಸ್ ಮಿಂಟ್ ಮುಂತಾದ ಲಿನಕ್ಸ್ ವ್ಯವಸ್ಥೆಗಳು ಉಚಿತ, ಹಳೆಯ ಯಂತ್ರದಲ್ಲೂ ಚೆನ್ನಾಗಿ ಓಡುತ್ತವೆ. ಲಿನಕ್ಸ್ ಆರಂಭಿಸಿದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21 ವರ್ಷದ ವಿದ್ಯಾರ್ಥಿ. ಇಂದು ಜಗತ್ತಿನ ಸರ್ವರ್‌ಗಳಲ್ಲಿ ಬಹುಪಾಲು ಓಡುವುದು ಅದರ ಮೇಲೆಯೇ. ಬಡತನಕ್ಕೆಂದು ಲಿನಕ್ಸ್ ಕಲಿತ ಹುಡುಗನಿಗೆ ಮುಂದೆ ಕೆಲಸದಲ್ಲಿ ಅದೇ ವಿದ್ಯೆ ಕೈಹಿಡಿಯುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇನ್ನೂ ನಾಲ್ಕು ಪರೀಕ್ಷೆ ಅಂಗಡಿಯಲ್ಲೇ ಮಾಡಿ. ಚಾರ್ಜರ್ ತೆಗೆದು ಅರ್ಧ ಗಂಟೆ ನಡೆಸಿ ಬ್ಯಾಟರಿ ಎಷ್ಟು ಇಳಿಯಿತೆಂದು ನೋಡಿ. ಎಲ್ಲ ಕೀಗಳನ್ನೂ ಒತ್ತಿ, ಕ್ಯಾಮೆರಾ, ವೈಫೈ, ಯುಎಸ್‌ಬಿ ಕಿಂಡಿಗಳನ್ನು ಪರೀಕ್ಷಿಸಿ. ಬಯಾಸ್ ಪಾಸ್‌ವರ್ಡ್ ಅಥವಾ ಹಿಂದಿನ ಕಂಪನಿಯ ಬೀಗ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಅದಿದ್ದರೆ ಮುಂದೆ ಯಂತ್ರ ನಿಮ್ಮದಾಗಿಯೂ ನಿಮ್ಮದಲ್ಲದಂತಾಗುತ್ತದೆ. ಕೊನೆಯದಾಗಿ, ಸೀರಿಯಲ್ ನಂಬರ್ ಬರೆದ ಬಿಲ್ ತೆಗೆದುಕೊಳ್ಳಿ. ಬಿಲ್ ಕೊಡದವರ ಬಳಿ ಕೊಳ್ಳಬೇಡಿ, ಕದ್ದ ಮಾಲು ಮನೆಗೆ ಬಂದೀತು. ತಳಭಾಗ ಉಬ್ಬಿದ್ದರೆ ಬ್ಯಾಟರಿ ಕೆಟ್ಟಿದೆ ಎಂದರ್ಥ. ಅಂಥದ್ದನ್ನು ಚಾರ್ಜಿಗೆ ಹಾಕುವುದು ಅಪಾಯ.

ಲ್ಯಾಪ್‌ಟಾಪಿನ ಜೊತೆಗೆ ಬೇಕಾದ ಸಣ್ಣ ಸಾಮಾನುಗಳು ಕೆಲವಿವೆ. 32 ಜಿಬಿ ಪೆನ್‌ಡ್ರೈವ್ ಒಂದು. ಅದರಿಂದ ಆಪರೇಟಿಂಗ್ ಸಿಸ್ಟಂ ತಾವೇ ಹಾಕುವುದನ್ನು ಮಕ್ಕಳು ಕಲಿಯಲಿ. ಸಣ್ಣ ಸ್ಕ್ರೂಡ್ರೈವರ್ ಸೆಟ್ ಒಂದು. ಎಲೆಕ್ಟ್ರಾನಿಕ್ಸ್ ಕಡೆ ಒಲವಿರುವವರಿಗೆ ಕೆಲವು ನೂರು ರೂಪಾಯಿಯ ಮಲ್ಟಿಮೀಟರ್, ಬ್ರೆಡ್‌ಬೋರ್ಡ್, ಕೆಲವು ಎಲ್‌ಇಡಿ, ರೆಸಿಸ್ಟರ್, ಒಂದು ಆರ್ಡುಯಿನೊ ಬೋರ್ಡ್. ಈ ಆರ್ಡುಯಿನೊ 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದ್ದು. ಅದರ ವಿನ್ಯಾಸ ಎಲ್ಲರಿಗೂ ತೆರೆದಿರುವುದರಿಂದ ಅದೇ ಬಗೆಯ ಅಗ್ಗದ ಬೋರ್ಡುಗಳೂ ಸಿಗುತ್ತವೆ. ಮಣ್ಣಿನ ತೇವ ನೋಡಿ ಪಂಪ್ ಚಾಲೂ ಮಾಡುವುದು, ಟ್ಯಾಂಕಿನ ನೀರು ತುಂಬಿದರೆ ಸದ್ದು ಮಾಡುವುದು, ಇಂಥವನ್ನು ಮನೆಯಲ್ಲೇ ಕಟ್ಟಬಹುದು. ಮನೆಯ 230 ವೋಲ್ಟ್ ಕರೆಂಟಿನ ಹತ್ತಿರ ಮಾತ್ರ ತಿಳಿದ ದೊಡ್ಡವರಿಲ್ಲದೆ ಹೋಗಬಾರದು. ಮೊದಮೊದಲು ಬ್ಯಾಟರಿಯಲ್ಲೇ ಕಲಿಯಿರಿ.

ಮಕ್ಕಳೇ, ಇನ್ನು ನಿಮ್ಮ ಪಾಲಿನ ಮಾತು. ಸಾಮಾನನ್ನು ನಾವು ಕೊಡಿಸಬಹುದು, ವಿದ್ಯೆಯನ್ನು ನೀವೇ ಸಂಪಾದಿಸಬೇಕು.

ಕೀಬೋರ್ಡ್ ನೋಡದೆ ಹತ್ತೂ ಬೆರಳಲ್ಲಿ ಟೈಪ್ ಮಾಡಲು ಕಲಿಯಿರಿ. ದಿನಕ್ಕೆ ಇಪ್ಪತ್ತು ನಿಮಿಷದಂತೆ ಎರಡು ತಿಂಗಳು ಸಾಕು. ಇಂಗ್ಲಿಷಿನ ಜೊತೆಗೆ ಯೂನಿಕೋಡ್ ಕನ್ನಡವನ್ನೂ ಕಲಿಯಿರಿ. ಅರ್ಜಿ, ಪತ್ರ, ಜಾಹೀರಾತು ಕನ್ನಡದಲ್ಲಿ ಶುದ್ಧವಾಗಿ ಟೈಪ್ ಮಾಡುವವರಿಗೆ ಪ್ರತಿ ತಾಲ್ಲೂಕಿನಲ್ಲೂ ಕೆಲಸವಿದೆ. ಆ ದುಡಿಮೆಯಿಂದ ನಿಮ್ಮ ಇಂಟರ್‌ನೆಟ್ ಖರ್ಚು ನೀವೇ ನೋಡಿಕೊಳ್ಳಬಹುದು.

ಒಂದೇ ಒಂದು ಪ್ರೋಗ್ರಾಮಿಂಗ್ ಭಾಷೆ ಹಿಡಿದು ಆರು ತಿಂಗಳು ಬಿಡಬೇಡಿ. ಪೈಥಾನ್ ಆರಂಭಕ್ಕೆ ಸುಲಭ. ಪ್ರೋಗ್ರಾಂ ಕೆಟ್ಟು ನಿಂತಾಗ ಕೆಂಪಕ್ಷರದ ಸಂದೇಶ ಬರುತ್ತದಲ್ಲ, ಹೆಚ್ಚಿನ ಮಕ್ಕಳು ಅಲ್ಲೇ ಹೆದರಿ ಮುಚ್ಚಿಬಿಡುತ್ತಾರೆ. ಅದನ್ನು ಓದಲು ಕಲಿಯುವುದೇ ಅರ್ಧ ವಿದ್ಯೆ. ಪೈಥಾನಿನಲ್ಲಿ ಸಂದೇಶದ ಕೊನೆಯ ಸಾಲಿನಿಂದ ಓದಿ. ದೋಷ ಯಾವ ಬಗೆಯದೆಂದು ಅಲ್ಲಿರುತ್ತದೆ. ಅದರ ಮೇಲೆ ಎಷ್ಟನೇ ಸಾಲಿನಲ್ಲಿ ಎಂದಿರುತ್ತದೆ. ಇಂಗ್ಲಿಷ್ ಬರುವುದಿಲ್ಲವೆಂಬ ಅಂಜಿಕೆ ಬೇಡ. ಅಲ್ಲಿ ಮತ್ತೆ ಮತ್ತೆ ಬರುವುದು ಹೆಚ್ಚೆಂದರೆ ನಲವತ್ತು ಐವತ್ತು ಪದ. ನೋಟ್‌ಬುಕ್ಕಿನಲ್ಲಿ ಬರೆದು ಅರ್ಥ ಮಾಡಿಕೊಳ್ಳಿ.

ಬರೆದ ಪ್ರೋಗ್ರಾಂಗಳನ್ನು ಗಿಟ್ ಎಂಬ ಸಾಧನದಿಂದ ಕಾಪಾಡಿಕೊಳ್ಳಿ. ಕೆಲಸದ ಪ್ರತಿ ಹಂತವನ್ನೂ ಅದು ನೆನಪಿಡುತ್ತದೆ, ಕೆಟ್ಟರೆ ಹಿಂದಿನ ಹಂತಕ್ಕೆ ಮರಳಬಹುದು. ಅದರ ಪ್ರತಿಯನ್ನು ಗಿಟ್‌ಹಬ್‌ನಲ್ಲಿ ಉಚಿತವಾಗಿ ಇಡಬಹುದು. ಸಂದರ್ಶನಕ್ಕೆ ಹೋದಾಗ ಪ್ರಮಾಣಪತ್ರಕ್ಕಿಂತ ನಿಮ್ಮದೇ ಕೆಲಸ ತೋರಿಸುವುದು ಮೇಲು. ಪಾಠದಲ್ಲಿದ್ದದ್ದನ್ನು ನಕಲು ಮಾಡಿದ ಹತ್ತು ಪ್ರೋಗ್ರಾಮುಗಳಿಗಿಂತ, ನಿಮ್ಮ ತಂದೆಯ ಅಂಗಡಿಯ ಉದ್ರಿ ಲೆಕ್ಕ ಇಡುವ ಒಂದು ಪ್ರೋಗ್ರಾಂ ಹೆಚ್ಚು ಮಾತಾಡುತ್ತದೆ. ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಈಗ ಕೇಳಿದ ತಕ್ಷಣ ಪ್ರೋಗ್ರಾಂ ಬರೆದುಕೊಡುತ್ತವೆ. ಅವುಗಳಿಂದ ವಿವರಣೆ ಕೇಳಿ, ಆದರೆ ಒಂದೊಂದು ಸಾಲೂ ಏನು ಮಾಡುತ್ತದೆಂದು ಹೇಳಲು ಬರದ ಪ್ರೋಗ್ರಾಮನ್ನು ನಿಮ್ಮದೆಂದು ಕೊಡಬೇಡಿ.

ಕಲಿಯಲು ದುಡ್ಡು ಸುರಿಯಬೇಕಾಗಿಲ್ಲ. ಮುಂಬೈ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್, ಪೈಥಾನ್ ಮುಂತಾದವುಗಳ ಪಾಠಗಳು ಉಚಿತವಾಗಿವೆ, ಅನೇಕ ಪಾಠಗಳಿಗೆ ಕನ್ನಡ ಧ್ವನಿಯೂ ಇದೆ. ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳನ್ನು ಕೇಳುವುದಕ್ಕೆ ಶುಲ್ಕವಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಇವು ಇರುವಾಗ "ಕೆಲಸ ಗ್ಯಾರಂಟಿ" ಎಂದು ಲಕ್ಷ ಕೇಳುವ ಕೋರ್ಸುಗಳಿಗೆ ಸಾಲ ಮಾಡುವ ಮುನ್ನ ಹತ್ತು ಸಲ ಯೋಚಿಸಿ. ಕೆಲಸ ಕೊಡುವ ಮೊದಲು ದುಡ್ಡು ಕೇಳುವವರು ಕೆಲಸ ಕೊಡುವವರಲ್ಲ. ಆನ್‌ಲೈನ್‌ನಲ್ಲಿ ದುಡ್ಡು ಹೋದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಅಷ್ಟು ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ತಾಯಿ ತಂದೆಯರೇ, ಹೆಣ್ಣುಮಕ್ಕಳ ಮಾತಿಗೆ ಬರುತ್ತೇವೆ. ಒಂದೇ ಲ್ಯಾಪ್‌ಟಾಪ್ ಇರುವ ಮನೆಗಳಲ್ಲಿ ಅದು ಅಣ್ಣನ ಚೀಲದಲ್ಲಿ ಹೊರಗೆ ಹೋಗುತ್ತದೆ. ತಂಗಿಯ ಪಾಲಿಗೆ ಉಳಿಯುವುದು ರಾತ್ರಿ ಹತ್ತರ ಮೇಲಿನ ಹೊತ್ತು, ಅದೂ ಅಡುಗೆಮನೆಯ ಕೆಲಸ ಮುಗಿದರೆ. ಕಂಪ್ಯೂಟರ್ ವಿದ್ಯೆ ದಿನಕ್ಕೆ ಒಂದೆರಡು ಗಂಟೆ ಎಡೆಬಿಡದೆ ಕೂತರೆ ಮಾತ್ರ ಹತ್ತುತ್ತದೆ. ಆದ್ದರಿಂದ ಮನೆಯಲ್ಲಿ ಹೊತ್ತು ಹಂಚಿ, ಗೋಡೆಗೆ ಬರೆದು ಹಚ್ಚಿ. ಟ್ರಸ್ಟ್ ವಿದ್ಯಾರ್ಥಿನಿಗೆ ಕೊಟ್ಟ ಯಂತ್ರ ಅವಳ ಹೆಸರಿನಲ್ಲೇ ಇರುತ್ತದೆ. ಅವಳ ಅಭ್ಯಾಸದ ಹೊತ್ತು ಮುಗಿದ ಮೇಲೆ ಉಳಿದವರು ಬಳಸಲಿ.

ಇನ್ನು ದಾನಿಗಳಲ್ಲಿ ನಮ್ಮ ವಿನಂತಿ. ಒಬ್ಬರಿಗೆ ಎಂಬತ್ತು ಸಾವಿರದ ಹೊಸ ಯಂತ್ರ ಕೊಡುವ ದುಡ್ಡಿನಲ್ಲಿ ನಾಲ್ವರಿಗೆ ಕೆಲಸಕ್ಕೆ ಬರುವ ಹಳೆಯ ಯಂತ್ರ ಕೊಡಬಹುದು. ಫೋಟೋದಲ್ಲಿ ಅದು ಅಷ್ಟು ಚೆಂದ ಕಾಣಲಿಕ್ಕಿಲ್ಲ, ಆದರೆ ನಾಲ್ಕು ಮನೆಯಲ್ಲಿ ಓದು ಸಾಗುತ್ತದೆ. ಯಂತ್ರ ಕೊಟ್ಟ ಮೇಲೂ ಖರ್ಚಿದೆ. ಚಾರ್ಜರ್ ಕೆಡುತ್ತದೆ, ಬ್ಯಾಟರಿ ಸೋಲುತ್ತದೆ, ಡೇಟಾ ಮುಗಿಯುತ್ತದೆ. ಒಂದು ಚಾರ್ಜರಿಗಾಗಿ ಲ್ಯಾಪ್‌ಟಾಪ್ ತಿಂಗಳುಗಟ್ಟಲೆ ಬೀರುವಿನಲ್ಲಿ ಕೂತಿದ್ದನ್ನು ನೋಡಿದ್ದೇವೆ. ಅದಕ್ಕಾಗಿ ನಿಮ್ಮ ದೇಣಿಗೆಯ ಒಂದು ಪಾಲನ್ನು ದುರಸ್ತಿಗೆಂದು ಮೀಸಲಿಡಲು ಒಪ್ಪಿಗೆ ಕೊಡಿ.

ನಿಮ್ಮ ಕಚೇರಿ, ಅಂಗಡಿಗಳಲ್ಲಿ ಬದಲಿಸಿದ ಲ್ಯಾಪ್‌ಟಾಪ್‌ಗಳಿದ್ದರೆ ಚಾರ್ಜರ್ ಸಮೇತ ಕೊಡಿ. ಕೊಡುವ ಮುನ್ನ ನಿಮ್ಮ ಖಾತೆಗಳಿಂದ ಹೊರಬಂದು, ಬೀಗ ತೆಗೆದು, ಡಿಸ್ಕನ್ನು ಪೂರ್ತಿ ಅಳಿಸಿ. ಬರೀ ಡಿಲೀಟ್ ಮಾಡಿದ ಕಡತವನ್ನು ಮರಳಿ ತೆಗೆಯಲು ಬರುತ್ತದೆ. ಅನುಮಾನವಿದ್ದರೆ ಡಿಸ್ಕ್ ತೆಗೆದಿಟ್ಟುಕೊಂಡು ಉಳಿದದ್ದನ್ನು ಕೊಡಿ, ಹೊಸ ಎಸ್‌ಎಸ್‌ಡಿ ನಾವು ಹಾಕಿಸುತ್ತೇವೆ. ಈ ಕೆಲಸವನ್ನು ಹಿಂದಿನ ವರ್ಷಗಳ ವಿದ್ಯಾರ್ಥಿಗಳ ಕೈಯಲ್ಲೇ ಮಾಡಿಸುವುದು ನಮ್ಮ ಇಚ್ಛೆ. ಹಾಕುವವರೂ ಕಲಿಯುತ್ತಾರೆ, ಪಡೆಯುವವರಿಗೆ ಕೇಳಲು ಒಬ್ಬ ಅಣ್ಣನೋ ಅಕ್ಕನೋ ಸಿಕ್ಕಂತಾಗುತ್ತದೆ. ಹಣ ಕೊಡಲಾಗದವರು ತಿಂಗಳಿಗೊಂದು ಭಾನುವಾರ ಮಕ್ಕಳ ಜೊತೆ ಕೂತು ಹೇಳಿಕೊಡಿ. ಅದೂ ನಮ್ಮ ಲೆಕ್ಕದಲ್ಲಿ ದೇಣಿಗೆಯೇ.

ಈ ವರ್ಷದಿಂದ ಉಪಕರಣ ನೆರವಿನ ಅರ್ಜಿಗೆ ಅಂಕಪಟ್ಟಿಯ ಜೊತೆ ಒಂದು ಪುಟ ಸೇರಿಸಬೇಕು. ಕಳೆದ ಮೂರು ತಿಂಗಳಲ್ಲಿ ಏನು ಕಲಿತೆ, ಎಲ್ಲಿ ಕಲಿತೆ, ಏನು ಮಾಡಿದೆ ಎಂಬುದನ್ನು ವಿದ್ಯಾರ್ಥಿಯೇ ಕನ್ನಡದಲ್ಲೋ ಉರ್ದುವಿನಲ್ಲೋ ಇಂಗ್ಲಿಷಿನಲ್ಲೋ ಬರೆಯಲಿ. ಭಾಷೆಯ ತಪ್ಪಿಗೆ ಅಂಕ ಕಳೆಯುವುದಿಲ್ಲ. ಫೋನಿನಲ್ಲಿ ಕಲಿತದ್ದೂ ಲೆಕ್ಕಕ್ಕೆ ಬರುತ್ತದೆ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕಲಿತದ್ದೂ ಬರುತ್ತದೆ. ಓದು ಮುಗಿದ ಮೇಲೆ ಯಂತ್ರ ಇನ್ನೂ ಚೆನ್ನಾಗಿದ್ದರೆ ಮತ್ತೊಬ್ಬರಿಗಾಗಿ ಮರಳಿಸಿ ಎಂದು ಕೇಳಿಕೊಳ್ಳುತ್ತೇವೆ. ಅದು ಷರತ್ತಲ್ಲ, ವಿನಂತಿ.

ಸರ ಅಡವಿಡಲು ಹೊರಟಿರುವ ತಾಯಂದಿರು ಈ ಸಭೆಯಲ್ಲೂ ಇರಬಹುದು. ಅಂಗಡಿಗೆ ಹೋಗುವ ಮುನ್ನ ಒಮ್ಮೆ ನಮ್ಮ ಕಚೇರಿಗೆ ಬನ್ನಿ. ನಮ್ಮ ವಿದ್ಯಾರ್ಥಿವೇತನ ಪಡೆಯದವರಾದರೂ ಬನ್ನಿ. ಕೂತು ಲೆಕ್ಕ ಹಾಕಿ, ಏನು ಕೊಳ್ಳಬೇಕೆಂದು ಚೀಟಿಯಲ್ಲಿ ಬರೆದುಕೊಡುತ್ತೇವೆ.